ಮೈಕಲ್ಲಿ ನಿಮ್ ತಾತನ ಹೆಸರು ಓದಿದ ದಿನ

...ಬುಡವ್ವ ಲತಾ, ಮಗೀಗೆ ಬಯ್ಬ್ಯಾಡ. ಎಲ್ಲಾರೂ ತಲೆ ಬಗ್ಗಿಸ್ಕಂಡು ಸುಮ್ಕೆ ನಿಂತಿರುವಾಗ "ಅಜ್ಜಿ, ಯಾಕೆ ಯಾರೂ ಮಾತಾಡ್ತಿಲ್ಲ" ಅಂತ ಕೇಳ್ತು, ಅಷ್ಟೇ ತಾನೆ. ಐದು ವರ್ಷದ ಕೂಸು, ಕೇಳ್ದೆ ಇನ್ನೇನ್ಮಾಡ್ತದೆ. ಬಾ ಚಿನ್ನು, ನನ್ ಪಕ್ಕ ಜಗಲಿ ಮೇಲೆ ಕುಂತ್ಕೊ. ನೀನೂ ಬಾರೋ ದರ್ಶ. ಇವತ್ತು ಹುಣಸೂರಲ್ಲಿ ನೋಡಿದ್ರಲ್ಲ, ಕಾಡು ಕಾಯ್ತಾ ಸತ್ತೋರ ಕಲ್ಲಿಗೆ ಹೂವಿಟ್ಟು, ಖಾಕಿಯೋರು ಸಾಲಾಗಿ ನಿಂತ್ಕಂಡು ಆಕಾಶಕ್ಕೆ ಗುಂಡು ಹಾರಿಸಿದ್ರಲ್ಲ, ಅಲ್ಲಿಗೆ ನಾನು ಮೊದಲ್ನೇ ಸಲ ಹೋದಾಗ ನಿಮ್ಮಪ್ಪ ಮಾದೇವಂಗೆ ಏಳು ವರ್ಷ. ನಿಮ್ಮ ಸೋದರತ್ತೆ ಮಂಜುಳಂಗೆ ಮೂರು, ಊಹೂಂ, ನಾಕು, ಅಂಗನವಾಡಿಗೆ ಹೋಗ್ತಿತ್ತು. ಅವಳು ಆವತ್ತು ಮಾಡಿದ್ರ ಮುಂದೆ ನೀನು ಮಾಡಿದ್ದು ಏನೂ ಅಲ್ಲ ಕಣ್ಮಗ.

ನಿಮ್ ತಾತ ಫೈರ್ ವಾಚರ್ ಆಗಿದ್ರು. ಅಂದ್ರೆ ಬ್ಯಾಸಗೇಲಿ ಕಾಡಿಗೆ ಬೆಂಕಿ ಬೀಳದಂಗೆ ನೋಡ್ಕಳೋದು, ಬಿದ್ರೆ ಆರಿಸೋದು. ಆ ಕಾಡಲ್ಲಿ ನೀರ್ ಎಲ್ಲಿಂದ ತರ್ತೀಯ, ಹಸೀ ಸೊಪ್ಪಿನ ಕೊಂಬೆ ಮುರ್ಕಂಡು ಬಡ್ದು ಬಡ್ದು ಆರಿಸ್ಬೇಕು. ಶಿವರಾತ್ರಿ ಕಳೆದಿತ್ತು, ಯುಗಾದಿ ಇನ್ನೂ ಬಂದಿರ್ಲಿಲ್ಲ, ಒಂದಿನ ಮಧ್ಯಾನ ಇವರು ಬೆಂಕಿ ಆರಿಸ್ತಿದ್ದಾಗ ಗಾಳಿ ತಿರುಗ್ತು. ಜೊತೇಲಿದ್ದೋರು ಈಚೆ ಬಂದ್ರು, ಇವರು ಬರ್ಲಿಲ್ಲ. ಅಷ್ಟೇ ಹೇಳ್ತೀನಿ, ಅದ್ರ ಮೇಲೆ ಹೇಳಕಿಲ್ಲ. ಆಮೇಲೆ ನಮ್ಮನೇಲಿ ಏನಾಯ್ತು ಅಂದ್ರೆ, ನಮ್ಮತ್ತೆ, ಅಂದ್ರೆ ತಾತನ ಅವ್ವ, "ಅವನ ಹೆಸರು ಯಾರೂ ಎತ್ಬ್ಯಾಡಿ, ನನ್ ಕೈಲಿ ಕೇಳಕ್ಕಾಗಕಿಲ್ಲ" ಅಂದ್ಬುಟ್ರು. ಹೆತ್ತ ಹೊಟ್ಟೆ, ಏನಂತ ಎದುರಾಡ್ಲಿ. ಮಂಜಿ ಕೇಳಿದ್ರೆ "ನಿಮ್ಮಪ್ಪ ಕಾಡಲ್ಲವ್ನೆ" ಅಂತಿದ್ರು, ಅದೂ ನಂಬ್ಕಂಡಿತ್ತು. ನಾನು ಬೆಳಗಾದ್ರೆ ಹೊಗೆಸೊಪ್ಪು ಒಣಗಿಸೋ ಬ್ಯಾರನ್ ತಾವ ಸೊಪ್ಪು ಕಟ್ಟಕ್ಕೆ ಕೂಲಿ ಹೋಗ್ತಿದ್ದೆ. ಕೈಯೆಲ್ಲ ಅಂಟು, ಆ ಕೈಲಿ ಮುದ್ದೆ ಮುರುದ್ರೆ ಬಾಯೆಲ್ಲ ಕಹಿ. ಕಾಡಿನ ಇಲಾಖೆ ಸಾಹೇಬ್ರು ಮನೆ ತನಕ ಬಂದು "ಕಾಡೊಳಗೆ ವಾಚರ್‌ಗಳ ಕ್ಯಾಂಪಲ್ಲಿ ಅಡುಗೆ ಕೆಲ್ಸ ಐತೆ, ಬರ್ತೀಯೇನಮ್ಮ" ಅಂತ ಕೇಳಿದ್ರು. ನಮ್ಮತ್ತೆ ಬ್ಯಾಡ ಅಂದ್ರು. ನಾನೂ ಬ್ಯಾಡ ಅಂದೆ. ಕಾಡಿನ ಮೇಲೆ ಅಷ್ಟು ಸಿಟ್ಟು ನಂಗೆ, ಸೌದೆ ತರಕ್ಕೂ ಆ ಕಡೆ ಹೋಗ್ತಿರ್ಲಿಲ್ಲ, ಹೊಗೆಸೊಪ್ಪಿನ ಒಣಗಿದ ಕಡ್ಡೀಲೇ ಒಲೆ ಉರಿಸ್ತಿದ್ದೆ.

ಗೌರಿ ಹಬ್ಬ ಆಗಿತ್ತು ಅಂತ ಕಾಣ್ತದೆ, ಇಲಾಖೆಯೋನೊಬ್ಬ ಬಂದು "ಸತ್ತೋರ ನೆನಪಿನ ಕಾರ್ಯಕ್ರಮ ಐತೆ ಕಣಕ್ಕ, ಮಕ್ಕಳ್ನ ಕರ್ಕಂಡು ಬನ್ನಿ" ಅಂತ ಹೇಳ್ಬುಟ್ಟು ಹೋದ. ನಮ್ಮತ್ತೆ ಬರ್ಲಿಲ್ಲ. ನಾನು ಇಬ್ಬರ್ನೂ ಕರ್ಕಂಡು ಗುರುಪುರದ ತನಕ ನಡ್ಕಂಡು ಬಂದು ಬಸ್ ಹತ್ತಿದೆ. ಬಸ್ಸಲ್ಲಿ ಮಂಜಿ "ಅಪ್ಪ ಅಲ್ಲವ್ನಾ" ಅಂತ ಕೇಳ್ತು. ನಾನು ಕಿಟಕಿ ಕಡೆ ಮುಖ ತಿರುಗಿಸ್ಕಂಡೆ.

ಅಲ್ಲಿ ಶಾಮಿಯಾನ, ಕುರ್ಚಿ, ದೊಡ್ಡ ದೊಡ್ಡೋರೆಲ್ಲ. ಒಬ್ಬ ಮೇಡಮ್ಮು ಬಂದು "ಯಾರ ಕಡೆಯೋರಮ್ಮ ನೀವು" ಅಂದ್ರು. ನಮ್ಮ ಕಾಲದಲ್ಲಿ ಗಂಡನ ಹೆಸರು ಬಾಯಲ್ಲಿ ಹೇಳ್ತಿರ್ಲಿಲ್ಲ, ಗೊತ್ತಾ, ಈಗ ನಿಮ್ಮವ್ವ "ಮಾದೇವ, ಮಾದೇವ" ಅಂತ ಕೂಗ್ತಾಳಲ್ಲ ಅಂಗಲ್ಲ. ನಾನು ಬಾಯಿಗೆ ಸೆರಗು ಅಡ್ಡ ಹಿಡ್ಕಂಡು ನಿಂತಿದ್ದೆ. ಮಂಜಿ ಕೈ ಕಟ್ಕಂಡು, ಅಂಗನವಾಡೀಲಿ ಹೇಳ್ಕೊಟ್ಟಿದ್ರಲ್ಲ, ರಾಗವಾಗಿ "ನಮ್ಮಪ್ಪನ ಹೆಸರು ಸಿದ್ದರಾಜು" ಅಂತು. ಮೇಡಮ್ಮು ಅವಳ ಕೆನ್ನೆ ಸವರಿ ಮುಂದೆ ಕುಂಡ್ರಿಸಿದ್ರು. ಆಮೇಲೆ ಮೈಕಲ್ಲಿ ಸತ್ತೋರ ಹೆಸರು ಒಂದೊಂದಾಗಿ ಓದ್ತಾ ಬಂದ್ರು. "ಸಿದ್ದರಾಜು, ಫೈರ್ ವಾಚರ್" ಅಂದ್ರು. ಅಷ್ಟು ದಿನ ನಮ್ಮನೇಲಿ ಯಾರೂ ಆಡದೇ ಇದ್ದ ಹೆಸರು ಅಷ್ಟು ದೊಡ್ಡದಾಗಿ ಕೇಳಿಸ್ತು. ಮಂಜಿ ಕುರ್ಚಿ ಮೇಲೆ ಎದ್ದು ನಿಂತ್ಕಂಡು, ಎಲ್ಲರಿಗೂ ಕೇಳಂಗೆ, "ಅವ್ವ, ಅಪ್ಪನ್ನ ಕರೀತಾವ್ರೆ. ಎಲ್ಲವ್ನೆ ಅಪ್ಪ" ಅಂತು. ನಿಮ್ಮಪ್ಪ ಅವಳ ಕೈ ಹಿಡ್ದು ಎಳ್ದು "ಅಪ್ಪ ಬರಕಿಲ್ಲ ಕಣೆ, ಬೆಂಕೀಲಿ ಸತ್ತೋದ" ಅಂದ. ಅದು ನನ್ ಮುಖ ನೋಡ್ತು. ಅಜ್ಜಿ ಒಂದು ಹೇಳಿದ್ರು, ಅಣ್ಣ ಇನ್ನೊಂದು ಹೇಳ್ತಾನೆ, ಅವ್ವ ಏನ್ ಹೇಳ್ತಾಳೋ ಅಂತ. ನಾನು "ಊಂ ಕಣವ್ವ, ಅಣ್ಣ ಹೇಳಿದ್ದೇ ನಿಜ" ಅಂದೆ. ಅಷ್ಟರಲ್ಲಿ ಗುಂಡು ಹಾರಿಸಿದ್ರು ನೋಡು, ಮಂಜಿ ಬೆಚ್ಚಿ ನನ್ ಮಡಿಲಿಗೆ ಬಿದ್ದು ಅಲ್ಲೇ ಉಚ್ಚೆ ಹುಯ್ಕಂಡ್ಬುಡ್ತು. ಎಲ್ಲಾರೂ ಅಲ್ಲಾಡ್ದೆ ನಿಂತವ್ರೆ, ನಾನು ಒದ್ದೆ ಸೀರೇಲಿ, ಅಳೋ ಮಗೀನ ಅವುಚ್ಕಂಡು, ಏನ್ಮಾಡ್ಬೇಕು ಅಂತ್ಲೇ ತಿಳೀಲಿಲ್ಲ.

ಹಿಂದಿನ ಸಾಲಿಂದ ಒಬ್ಬ ಹೆಂಗಸು ಬಂದು "ಕೊಡಿಲ್ಲಿ ಕೂಸ್ನ" ಅಂತ ಎತ್ಕಂಡು ಹೋದ್ಲು. ಯಾರು, ಎತ್ತ, ಒಂದೂ ಕೇಳ್ಲಿಲ್ಲ. ಹಿಂದುಗಡೆ ನಲ್ಲಿ ತಾವ ತೊಳ್ದು, ತನ್ ಟವಲ್ ಸುತ್ತಿ, ಮರದಡಿ ಕುಂಡ್ರಿಸ್ಕಂಡು ತಾನು ಕಟ್ಕಂಡು ಬಂದಿದ್ದ ಚಿತ್ರಾನ್ನ ತಿನ್ನಿಸ್ತಿದ್ಲು. ಆವಮ್ಮನ ಹೆಸರು ಸಣ್ಣಮ್ಮ, ಎಚ್.ಡಿ. ಕೋಟೆ ಕಡೆಯೋಳು. ಗಂಡನ್ನ ಆನೆ ತುಳ್ದಿತ್ತಂತೆ, ಆಮೇಲೆ ಕ್ಯಾಂಪಲ್ಲಿ ಅಡುಗೆ ಕೆಲ್ಸಕ್ಕೆ ಸೇರಿದ್ಲಂತೆ. ನಿಮ್ಮಪ್ಪಂಗೂ ನಂಗೂ ಎಲೆ ಮೇಲೆ ಇಷ್ಟಿಷ್ಟು ಇಕ್ಕಿದ್ಲು. ನಾನಂದೆ, "ನನ್ನೂ ಕರುದ್ರು ಕಣಕ್ಕ, ನಾನು ಒಲ್ಲೆ ಅಂದೆ. ಅವರನ್ನ ತಿಂದ ಕಾಡಲ್ಲಿ ಎಂಗೆ ಇರ್ಲಿ."

"ನಾನೂ ಅಂಗೇ ಅಂದಿದ್ದೆ" ಅಂದ್ಲು. "ನಿಮ್ಮನೇಲಿ ಅವರ ಮಾತು ಆಡ್ತಾರಾ?"

"ಇಲ್ಲ. ಹೆಸರೂ ಎತ್ತಕಿಲ್ಲ."

"ನಮ್ಮನೇಲೂ ಅಷ್ಟೇಯ. ಕ್ಯಾಂಪಲ್ಲಿ ಮಾತ್ರ ಅವರ ಜೊತೆ ಕೆಲ್ಸ ಮಾಡಿದ್ ಹುಡುಗ್ರು ಉಣ್ತಾ ಉಣ್ತಾ ದಿನಾ ಅವರ ಮಾತಾಡ್ತಾರೆ ಕಣವ್ವ. ನಾನು ಅದ್ಕೇ ಇವ್ನಿ ಅಲ್ಲಿ."

ನಾನು ಮನೇಗೆ ಬಂದು ಯೋಚ್ನೆ ಮಾಡ್ದೆ, ಮಾಡ್ದೆ, ಆಮೇಲೆ "ಮಕ್ಕಳ್ನ ನೋಡ್ಕಳಿ ಅತ್ತೆ, ನಾನು ಕ್ಯಾಂಪಿಗೆ ಹೋಗ್ತೀನಿ" ಅಂದೆ. ಅವರು ಗೋಡೆ ಕಡೆ ತಿರುಕ್ಕಂಡು ಮಲಗಿದ್ರು. ಆದ್ರೂ ಹೋದೆ. ಮೊದಲ್ನೇ ದಿನ ಕ್ಯಾಂಪಲ್ಲಿ ಯಾರೂ ನನ್ ಮುಖ ನೋಡ್ಲಿಲ್ಲ. ಸಾರು ಇಕ್ಕುವಾಗ ದಾಸ ಅಂತ ಒಬ್ಬ ವಾಚರ್ ಮೆಲ್ಲಗೆ "ಅಕ್ಕ, ಸಿದ್ದಣ್ಣಂಗೆ ಕಪ್ಪೆ ಕಂಡ್ರೆ ಭಯ, ಗೊತ್ತಾ. ಆನೆ ಬಂದ್ರೆ ಕದಲ್ದೆ ನಿಂತ್ಕತಿದ್ದ, ಕಪ್ಪೆ ಬಂದ್ರೆ ಮಂಚ ಹತ್ತೋನು" ಅಂದ. ಎಂಟು ವರ್ಷ ಸಂಸಾರ ಮಾಡಿದ್ದೆ, ನಂಗೇ ಗೊತ್ತಿರ್ಲಿಲ್ಲ. ನಗು ಬಂತು, ಜೊತೇಲೇ ಅಳೂ ಬಂತು. ಅವರೂ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಹೇಳಕ್ ಶುರು ಮಾಡಿದ್ರು. ರಜಾಗೆ ಊರಿಗೆ ಬಂದಾಗ ಮಕ್ಕಳಿಗೆ ಕಪ್ಪೆ ಕತೆ ಹೇಳ್ತಿದ್ದೆ. ಒಳಗೆ ರಾಗಿ ಕೇರ್ತಿದ್ದ ನಮ್ಮತ್ತೆ ಮೊರ ನಿಲ್ಲಿಸಿದ್ರು. ಬಯ್ತಾರೇನೋ ಅಂದ್ಕಂಡೆ. ಹೊಸಿಲ ತನಕ ಬಂದು, "ಚಿಕ್ಕುಡುಗ ಆಗಿದ್ದಾಗ್ಲೂ ಅಂಗೇಯ ನಮ್ ಸಿದ್ದ. ಬಚ್ಚಲಲ್ಲಿ ಕಪ್ಪೆ ಕಂಡ್ರೆ ಬರೀ ಮೈಲಿ ಓಡ್ಬರೋನು" ಅಂದ್ರು. ಮಂಜಿ ಓಡೋಗಿ ಅವರ ತೊಡೆ ಮೇಲೆ ಕುಂತ್ಕಂಡು "ಇನ್ನೊಂದ್ಸಲ ಹೇಳಜ್ಜಿ" ಅಂತು. ಅವರು ಇನ್ನೊಂದ್ಸಲ ಹೇಳಿದ್ರು.

ವಯಸ್ಸಾಗೋ ತನಕ ಅಲ್ಲೇ ಬೇಯಿಸಿ ಇಕ್ಕಿದೆ, ಇಬ್ಬರ್ನೂ ಓದಿಸ್ದೆ, ಆಯ್ತು. ನೀವೂ ನಾಳೆ ದೊಡ್ಡೋರಾಗಿ ಸಾವಾದ ಮನೇಗೆ ಹೋಗ್ತೀರ. ಹೋದಾಗ ಏನಂತ ಸಮಾಧಾನ ಹೇಳೋದು ಅಂತ ತಡಕಾಡ್ಬ್ಯಾಡಿ. ಮೊದ್ಲು ಮಕ್ಕಳು ಉಂಡವ್ರಾ ನೋಡಿ. ಆಮೇಲೆ ಹೋದೋರ ಹೆಸರು ಹಿಡ್ದೇ ಮಾತಾಡಿ, ನುಂಗ್ಬ್ಯಾಡಿ. ಅಷ್ಟೇಯ.