ದೇವರ ಚೊಂಬಿನ ಹಾಲು

...ಅಯ್ಯೋ, ನಗಬೇಡಿ ಡಾಕ್ಟ್ರಮ್ಮ. ನೀವು ನಕ್ಕರೆ ಹೊರಗೆ ಬೆಂಚಿನ ಮೇಲೆ ಕೂತಿರೋ ಪಿಳ್ಳಮ್ಮನಿಗೆ ಕೇಳಿಸುತ್ತೆ. ಬಾಗ್ಲು ಸ್ವಲ್ಪ ಮುಂದಕ್ಕೆ ಹಾಕ್ಲಾ? ಹಾಂ... ಆಯ್ತು. ಆಕೆ ದಿನಾ ನಮ್ಮಲ್ಲೇ ಹಾಲು ಹಾಕಿಸ್ಕೊಳ್ಳೋಳು. ಆಕೆ ಕಿವಿಗೆ ಬಿದ್ದರೆ ನಾಗಸಂದ್ರಕ್ಕೆಲ್ಲ ಬಿದ್ದ ಹಾಗೆ.

ಹೇಳಿದ್ದನ್ನೇ ನಿಧಾನವಾಗಿ ಇನ್ನೊಂದು ಸಲ ಹೇಳ್ತೀನಿ, ಕೇಳಿ. ಹಾಲು ಮಾರೋ ರಾಮಾಂಜಿನಪ್ಪನಿಗೆ... ಹಾಲು ಆಗಲ್ಲ.

ನೋಡಿ, ಮತ್ತೆ ನಕ್ರಿ!

ಅಲ್ಲಮ್ಮ, ನಮ್ಮ ತಾತನ ಕಾಲದಿಂದ ಹಸು ಕಟ್ಟಿದ ಮನೆ ನಮ್ಮದು. ಹೊಲ ಹೋಗಿ ಫ್ಯಾಕ್ಟರಿ ಶೆಡ್ಡು ಬಂತು, ಕೆರೆ ಏರಿ ಹೋಗಿ ಮೆಟ್ರೋ ಕಂಬ ಬಂತು. ನಮ್ಮ ಗೌರಿ ಮಾತ್ರ ಕಂಬದ ನೆರಳಲ್ಲೇ ಮಲಗಿ ಮೆಲುಕು ಹಾಕ್ತಾ ಇದ್ದಾಳೆ. ಅಂಥ ಮನೆ ಯಜಮಾನನಿಗೇ ಹಾಲು ಆಗಲ್ಲ ಅಂತ ಗೊತ್ತಾದ್ರೆ ನಾಳೆ ಯಾರು ಪಾತ್ರೆ ಹಿಡೀತಾರೆ? ಎಲ್ಲಾರೂ ಪ್ಯಾಕೆಟ್ಟಿಗೆ ಹೋಗ್ತಾರೆ. ಅದಕ್ಕೇ ಬಾಗ್ಲು ಹಾಕಿದ್ದು.

ಥೈರಾಯ್ಡ್ ಮಾತ್ರೆನಾ? ...ನುಂಗ್ತಾ ಇಲ್ಲ. ಬೈಬೇಡಿ! ಸಂಕ್ರಾಂತಿಯಿಂದ ಬಿಟ್ಟಿದ್ದೀನಿ. ಯಾಕೆ ಅಂದ್ರೆ, ಅದು ನುಂಗಿದ್ರೆ ಹೊಟ್ಟೆ ತಮಟೆ. ಆ ಮೆಡಿಕಲ್ ಸ್ಟೋರ್ ಪರಮಾನಂದ ಇದ್ದಾನಲ್ಲ, ಚೀಟಿನ ಕನ್ನಡಕದ ಹತ್ರ ಹಿಡ್ಕೊಂಡು ಓದಿ ಹೇಳ್ದ: ‘ಯಜಮಾನ್ರೇ, ಇದರಲ್ಲಿ ಲ್ಯಾಕ್ಟೋಸ್ ಐತೆ. ಅಂದ್ರೆ ಹಾಲಿನ ಸಕ್ಕರೆ.’ ನನಗೆ ಎದೆ ಧಸಕ್ ಅಂತು. ಹಾಲು ಒಲ್ಲದ ಹೊಟ್ಟೆಗೆ ಔಷಧಿ ವೇಷದಲ್ಲಿ ಹಾಲೇ ಬರೋದಾ? ‘ಹಾಲಿಲ್ಲದ ಮಾತ್ರೆ ಬೇರೆ ಕಂಪನಿದು ಸಿಗುತ್ತೆ, ಡಾಕ್ಟ್ರು ಬರೆದುಕೊಟ್ರೆ ತರಿಸ್ತೀನಿ’ ಅಂದ. ಅದಕ್ಕೇ ಬಂದೆ. ಬರೆದುಬಿಡಿ ತಾಯಿ, ಎದ್ದು ಹೋಗ್ತೀನಿ.

ಏನಂದ್ರಿ? ಮಾತ್ರೆಲಿರೋದು ಸಾಸಿವೆ ಕಾಳಷ್ಟೂ ಇಲ್ವಾ? ಇರಬಹುದು. ಸಾಸಿವೆ ಒಗ್ಗರಣೆಲಿ ಸಿಡಿಯಲ್ವಾ? ನನ್ನ ಹೊಟ್ಟೆಲಿ ಹಾಗೇ ಸಿಡಿಯುತ್ತೆ.

ಬಿಟ್ಟಿದ್ದಕ್ಕೆ ಅನುಭವಿಸ್ತಾನೂ ಇದ್ದೀನಿ. ಈ ಮುಖ ನೋಡಿ, ಹಬ್ಬದ ಕಡುಬು ಆಗಿದೆ. ಹಾಲು ಕರೆಯೋಕೆ ಕೂತ್ರೆ ಗೌರಿ ಹೊಟ್ಟೆಗೆ ಹಣೆ ಆನಿಸಿ ನಿದ್ದೆ ಹೋಗ್ತೀನಿ. ಮೊನ್ನೆ ಬಕೆಟ್ ಮೇಲೇ ಬಿದ್ದೆ! ನಮ್ಮ ಭಾಗ್ಯಮ್ಮ ಬಂದು ‘ಏನ್ರೀ, ನೀವು ಹಸು ಸಾಕಿದ್ದೀರೋ, ಹಸು ನಿಮ್ಮನ್ನ ಸಾಕಿದೆಯೋ?’ ಅಂತ ಕೇಳಿದ್ಲು. ಆಕೆ ಅಳ್ತಾ ಕೇಳಿದ್ದು ಕಣಮ್ಮ. ಹೆಂಗಸು ಹೆದರಿದ್ದಾಳೆ. ಅದಕ್ಕಾದ್ರೂ ಬರೆದುಕೊಡಿ.

ಹಾಲೇ ಆಗಲ್ಲ ಅಂತ ಹೇಗೆ ಗೊತ್ತಾಯ್ತು ಅಂದ್ರಾ? ಅಯ್ಯೋ, ಆ ಕಥೆ! ನಮ್ಮ ಶೈಲನ್ನ ಬ್ರೂಕ್‌ಫೀಲ್ಡಿಗೆ ಕೊಟ್ಟಿದ್ದೀವಲ್ಲ, ಬೀಗರ ಮನೇಲಿ ಶ್ಯಾವಿಗೆ ಪಾಯಸ ಬಡಿಸಿದ್ರು. ಗಟ್ಟಿ ಹಾಲಿನದು. ಬೀಗಿತ್ತಿ ‘ಇನ್ನೊಂದು ಸೌಟು, ಇನ್ನೊಂದು ಸೌಟು’ ಅಂತ... ಬೇಡ ಅನ್ನೋಕಾಗುತ್ತಾ? ಉಂಡೆ. ಆಮೇಲೆ ನಾನು ಅವರ ಬಚ್ಚಲು ಮನೆಯಿಂದ ಈಚೆ ಬಂದಿದ್ದು ಸಂಜೆ ದೀಪ ಹಚ್ಚೋ ಹೊತ್ತಿಗೆ. ಒಳಗೆ ಯಾವುದೋ ಗುಂಡಿ ಒತ್ತಿದೆ, ಗೋಡೆಯಿಂದ ನೀರು ಚಿಮ್ಮಿ ಪೇಟ ಸಮೇತ ಸ್ನಾನ! ಬೀಗರು ಬಾಗಿಲಾಚೆಯಿಂದ ‘ಸಂಧ್ಯಾವಂದನೆ ನಡೀತಿದೆಯಾ?’ ಅಂತಾರೆ.

ನಗಿ, ನಗಿ. ಇದಕ್ಕೆ ನಗಬಹುದು.

ಇನ್ನು ಸೋಮವಾರ. ಬಸವಣ್ಣನ ಗುಡಿಗೆ ಅಭಿಷೇಕದ ಹಾಲು ನಮ್ಮನೇದೇ, ಅಪ್ಪ ನಡೆಸಿಕೊಂಡು ಬಂದ ಸೇವೆ. ಕರೆದ ಮೊದಲನೇ ಹಾಲು ದೇವರ ಚೊಂಬಿಗೆ. ಅದು ಬೇರೆ ಚೊಂಬು, ಬೇರೆ ಗೂಡು... ಬೇರೆ ಯಾಕೆ ಅಂದ್ರಾ? ಮಡಿ ತಾಯಿ, ಮಡಿ! ಪೂಜೆ ಆದ್ಮೇಲೆ ಅಯ್ಯನವರು ಅದೇ ಹಾಲನ್ನ ಒಂದು ಲೋಟ ಪ್ರಸಾದ ಅಂತ ಕೊಡ್ತಾರೆ. ಕಣ್ಣಿಗೊತ್ತಿ ಕುಡೀತೀನಿ. ಮನೆ ತಲುಪೋ ಅಷ್ಟರಲ್ಲಿ ಹೊಟ್ಟೆಲಿ ಗುಡುಗು. ಇಷ್ಟು ದಿನ ಬಸವಣ್ಣ ಯಾವುದಕ್ಕೋ ಮುನಿಸ್ಕೊಂಡಿದ್ದಾನೆ ಅಂದ್ಕೊಂಡಿದ್ದೆ. ಪರಮಾನಂದ ಹೇಳಿದ ಮೇಲೆ ಅರ್ಥ ಆಯ್ತು, ಮುನಿಸಲ್ಲ, ಲ್ಯಾಕ್ಟೋಸು!

ಹಾಂ? ಬೀದಿ ಮನೆಗಳಿಗೆ ಹಾಕೋ ಹಾಲಾ? ಅದು ಅಮೃತ! ಅದನ್ನ ಕುಡಿದ್ರೆ ನನಗೆ ಏನೂ ಆಗಲ್ಲ. ಕೇಳಿ, ನಮ್ಮ ರೂಮಲ್ಲಿ ಬಾಡಿಗೆಗಿರೋ ಮುದಕಪ್ಪ, ಗದಗಿನ ಕಡೆಯವನು, ಪೀಣ್ಯದಲ್ಲಿ ಲೇತ್ ಕೆಲಸ, ಒಂದಿನ ಎಲ್ಲಾರ ಮುಂದೆ ನಾಲಿಗೆ ಹರಿಬಿಟ್ಟ: ‘ಯಜಮಾನ್ರ, ನಿಮ್ಮ ಆಕಳಾ ಹುಲ್ಲು ತಿಂತೈತೋ, ಬೋರ್‌ವೆಲ್ ನುಂಗೈತೋ?’ ಅಂದ. ಹೆಂಗಸರೆಲ್ಲ ಕಿಸಕ್ ಅಂದ್ರು. ನಾನು ಅಲ್ಲೇ ಕ್ಯಾನಿಂದ ಚೊಂಬು ತುಂಬ ಬಗ್ಗಿಸಿ, ಗಟಗಟ ಅಂತ ಕುಡಿದೆ! ‘ಹಸು ಕೊಟ್ಟಿದ್ದು, ಗಂಗಮ್ಮ ಕೊಟ್ಟಿದ್ದು ಬಿಟ್ಟು ಇದರಲ್ಲಿ ಬೇರೆ ಏನೂ ಇಲ್ಲ, ಬಸವಣ್ಣನಾಣೆ’ ಅಂದೆ. ಮುದಕಪ್ಪ ತಣ್ಣಗಾದ. ಆವತ್ತು ಹೊಟ್ಟೆ ಕೊಳದ ನೀರಿನ ಹಾಗೆ ಶಾಂತ!

ಗಂಗಮ್ಮ ಯಾಕೆ ಬಂದ್ಲು ಅಂದ್ರಾ? ...ಹಸು ನೀರು ಕುಡಿಯಲ್ವಾ ತಾಯಿ? ಏನು ಪ್ರಶ್ನೆ ಕೇಳ್ತೀರಿ! ನಾನು ಸುಳ್ಳು ಆಣೆ ಇಡೋನಲ್ಲ.

ಏನದು... ಪರೀಕ್ಷೆನಾ? ಹಾಲು ಕುಡಿಸಿ ನೋಡಬೇಕಾ? ಹೊಟ್ಟೆ ಕೆಟ್ಟರೆ ಮಾತ್ರ ಆ ಮಾತ್ರೆ ಬರೆದುಕೊಡ್ತೀರಾ, ಇಲ್ಲದಿದ್ರೆ ಹಳೇದನ್ನೇ ನುಂಗಬೇಕಾ? ಸರಿ. ನ್ಯಾಯವಾದ ಮಾತು. ಕೊಡಿ, ಕುಡೀತೀನಿ. ಕೆಡದೆ ಎಲ್ಲಿಗೆ ಹೋಗುತ್ತೆ?

ಓ... ನಮ್ಮ ಮಹಾಲಕ್ಷ್ಮಿ, ಆಗಲೇ ತಂದೇಬಿಟ್ಲು. ಎಷ್ಟು ಚುರುಕು ನಿಮ್ಮ ಆಯಮ್ಮ! ತುಂಬಿದ ಲೋಟ. ಕಾಸಿದ್ದಾ? ಒಳ್ಳೇದು.

...ಇದು ಯಾವ ಹಾಲಮ್ಮ?

ಬೆಳಿಗ್ಗೆ ನಾನೇ ಹಾಕಿಹೋಗಿದ್ದಾ? ನಿಮ್ಮ ಕಾಫಿಗೆ ಅಂತ?

...ಡಾಕ್ಟ್ರಮ್ಮ. ಇದು ಬೇಡ.

ಯಾಕೆ ಅಂದ್ರೆ... ಯಾಕೋ ಬೇಡ. ಇದರಲ್ಲಿ... ಇದರಲ್ಲಿ ಗೊತ್ತಾಗಲ್ಲ. ಇದನ್ನ ಎಷ್ಟು ಕುಡಿದ್ರೂ ಹೊಟ್ಟೆ ಕೆಡಲ್ಲ, ನೀವು ಮಾತ್ರೆ ಬರೆಯಲ್ಲ, ಭಾಗ್ಯಮ್ಮ ಅಳೋದು ನಿಲ್ಲಿಸಲ್ಲ. ಒಂದು ಕೆಲಸ ಮಾಡ್ತೀನಿ, ಇಲ್ಲೇ ಇರಿ, ಮನೆಗೆ ಓಡಿಹೋಗಿ ದೇವರ ಚೊಂಬಿನ ಹಾಲು ತರ್ತೀನಿ. ಅದಾದ್ರೆ ಸತ್ಯವಾದ ಹಾಲು. ಅದಾದ್ರೆ ತಕ್ಷಣ ಗೊತ್ತಾಗುತ್ತೆ...

...

ಯಾಕಮ್ಮ ಪೆನ್ನು ಕೆಳಗಿಟ್ರಿ?

ಅಲ್ಲ, ನಗ್ತಾ ಇದ್ರಲ್ಲ ಇಷ್ಟು ಹೊತ್ತು. ನಗಿ. ಈಗ ನಗಿ.

...ಆ ಲೋಟನ ಕಿಟಕಿ ಬೆಳಕಿಗೆ ಯಾಕೆ ಎತ್ತಿ ಹಿಡಿದ್ರಿ? ಕೆಳಗಿಡಿ ತಾಯಿ. ಆಚೆ ಮೆಟ್ರೋ ಹೋಗ್ತಾ ಇರೋದು ಅದರೊಳಗಿಂದ ಕಾಣ್ತಾ ಇದೆ... ಅಂದ್ರೆ, ನಿಮಗೆ ಕಾಣ್ತಾ ಇದ್ಯೋ ಏನೋ, ನನಗಂತೂ ಏನೂ ಕಾಣ್ತಿಲ್ಲ.

ಡಾಕ್ಟ್ರಮ್ಮ? ಬೈಯ್ಯಿರಿ ಬೇಕಾದ್ರೆ. ಮೆತ್ತಗೆ ಬೈಯ್ಯಿರಿ.

...ಎಲ್ಲಿಗೆ ಎದ್ರಿ? ಬಾಗ್ಲು ಯಾಕೆ? ಬಾಗ್ಲು ತೆಗೀಬೇಡಿ! ಪಿಳ್ಳಮ್ಮ... ಓ, ಪಿಳ್ಳಮ್ಮಾ! ಕಿವಿ ಬಾಗಿಲಿಗೇ ಇಟ್ಟಿದ್ಯಾ ತಾಯಿ? ಏನಿಲ್ಲ, ಏನಿಲ್ಲ, ಡಾಕ್ಟ್ರಮ್ಮ ನಮ್ಮ ಹಾಲನ್ನ ಪರೀಕ್ಷೆ ಮಾಡ್ತಾ ಇದ್ರು... ಯಾವ ಹೊಟ್ಟೆಗೂ ತೊಂದರೆ ಇಲ್ಲ ಅಂತ ಗೊತ್ತಾಯ್ತು.

ಹೌದಲ್ವಾ ಡಾಕ್ಟ್ರಮ್ಮ?

...ಹೌದು ಅನ್ನಿ, ತಾಯಿ. ನಾಳೆಯಿಂದ ಎಲ್ಲಾರಿಗೂ... ದೇವರ ಚೊಂಬಿಂದಲೇ.