ಮಹಾದೇವಕ್ಕನ ಹೆಸರಿನ ರಾಶಿ ಮಶೀನು

ಪರಮೇಶ್ವರಪ್ಪ ತಂದೆ ಶಿದ್ಲಿಂಗಪ್ಪ ಬಣಕಾರ, ವಯಸ್ಸು 66 ವರ್ಷ, ಉದ್ಯೋಗ ಒಕ್ಕಲುತನ, ವಿದ್ಯಾಭ್ಯಾಸ ಬಿ.ಎ. ಎರಡನೆಯ ವರ್ಷದವರೆಗೆ, ಸಾ: ಮಾಸೂರು, ತಾ: ಹಿರೇಕೆರೂರು ಆದ ನಾನು ಕರೆದ ಮೇರೆಗೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿ ಮಹಾದೇವಕ್ಕ ಹೋದ ವರ್ಷ ರಾಶಿ ಮುಗಿದ ಮೇಲೆ ತೀರಿಕೊಂಡಿರುತ್ತಾಳೆ. ಎರಡು ಎಕರೆ ಹೊಲ ಅವಳ ಹೆಸರಿನಲ್ಲಿದ್ದು, ಈ ಸಲವೂ ಗೋವಿನಜೋಳ ಹಾಕಿದ್ದೆನು. ಅವಳು ಇದ್ದಾಗ ನಮ್ಮೂರಿನ ದೊಡ್ಡ ಹಿಡುವಳಿದಾರರಾದ ಚನ್ನೇಶರ ರಾಶಿ ಮಶೀನು ಬಂದು ತೆನೆಯಿಂದ ಕಾಳು ಬಿಡಿಸಿ ಹೋಗುತ್ತಿತ್ತು. ಬಾಡಿಗೆ ಕೇಳುತ್ತಿರಲಿಲ್ಲ. ಯಾಕೆಂದು ಅವಳನ್ನು ಕೇಳಿದರೆ, ಚನ್ನೇಶ ನನ್ನ ತವರಿನ ಕಡೆಯಾಂವ, ಅಕ್ಕನ ಕಡೆ ರೊಕ್ಕ ತಗೊಂತಾನೇನು ಎನ್ನುತ್ತಿದ್ದಳು. ಅವಳು ಒಮ್ಮೆ ಹೇಳಿದ್ದನ್ನು ಎರಡನೇ ಸಲ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಅದು ಇಲ್ಲಿ ಬೇಡ.

ದಿನಾಂಕ 17-11-2024ರಂದು ಮುಂಜಾನೆ 8 ಗಂಟೆಗೆ ಡ್ರೈವರ್ ಫಾರೂಕನು ಚನ್ನೇಶರ ಟ್ರ್ಯಾಕ್ಟರಿಗೆ ಮಶೀನು ಜೋಡಿಸಿಕೊಂಡು ನನ್ನ ಕಣಕ್ಕೆ ಬಂದನು. ಈ ಸಲ ಬಾಡಿಗೆ ಕೊಡಬೇಕೆಂದಿದ್ದರು, ಒಪ್ಪಿದ್ದೆನು. ಅರ್ಧ ರಾಶಿಯಾಗಿ ಚಹಾಕ್ಕೆ ನಿಲ್ಲಿಸಿದಾಗ, ನಾನು ಮಶೀನಿಗೆ ಬೆನ್ನು ಆನಿಸಬೇಕೆಂದು ಟವೆಲಿನಿಂದ ಧೂಳು ಒರೆಸಿದೆನು. ಧೂಳಿನ ಕೆಳಗೆ ಬಿಳಿ ಅಕ್ಷರದಲ್ಲಿ, ಸಹಾಯಧನ ಯೋಜನೆ, ಫಲಾನುಭವಿ ಶ್ರೀಮತಿ ಮಹಾದೇವಕ್ಕ ಪರಮೇಶ್ವರಪ್ಪ ಬಣಕಾರ ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ ಬೆನಿಫಿಷಿಯರಿ.

ಫಾರೂಕನನ್ನು ಕೇಳಲಾಗಿ, ಅಜ್ಜಾರ, ನಿಮಗ ಗೊತ್ತಿಲ್ಲೇನ್ರಿ, ಅವ್ವಾರು ಇಳಕಲ್ ಸೀರಿ ಉಟ್ಟು ಇದರ ಮುಂದ ನಿಂತು ಫೋಟೊ ತೆಗಿಸ್ಯಾರ, ನಗ್ರಿ ಅಂದ್ರೂ ನಗಲಿಲ್ಲ ಎಂದನು. ಸರಕಾರದವರು ಹೆಣ್ಣುಮಕ್ಕಳಿಗೆ, ಸಣ್ಣ ರೈತರಿಗೆ ಮೊದಲು ಕೊಡುವುದರಿಂದ ದೊಡ್ಡವರು ಇಂಥವರ ಹೆಸರಿನಲ್ಲಿ ತೆಗೆದುಕೊಳ್ಳುತ್ತಾರೆ, ಸಾಹುಕಾರ್ರ ಶೆಡ್ಡಿನಾಗಿನ ಟಿಲ್ಲರ್ ನಂದ ಐತ್ರಿ, ನಾನ ಅದರಾಗ ಕೂಲಿ ಮಾಡ್ತೇನಿ ಎಂದು ನಕ್ಕನು. ನಾನು ಟ್ರ್ಯಾಕ್ಟರಿನ ಕೀಲಿ ತೆಗೆದು ಸೊಂಟಕ್ಕೆ ಸಿಗಿಸಿಕೊಂಡು ಮಶೀನಿನ ಮುಂದೆ ಕೂತದ್ದು ನಿಜವಿರುತ್ತದೆ.

ಚನ್ನೇಶರು ಬೈಕಿನ ಮೇಲೆ ಬಂದು, ಮಾಮಾ, ಮಶೀನು ಅಕ್ಕನ ಹೆಸರಿಗೆ, ಟ್ರ್ಯಾಕ್ಟರ್ ನನ್ನ ಹೆಸರಿಗೆ, ಬೇಕಾದ್ರ ಮಶೀನು ಹೆಗಲ ಮ್ಯಾಲ ಹೊತ್ಕೊಂಡು ಹೋಗ್ರಿ ಎಂದರು. ಬಾಡಿಗೆ ಇಲ್ಲದೆ ರಾಶಿ ಮಾಡಿಕೊಡುವ ಮಾತಿನ ಮೇಲೆಯೇ ಅವಳು ಯೋಜನೆಯ ಅರ್ಜಿಗೆ ಸಹಿ ಮಾಡಿದ್ದು, ಆ ಮಾತು ಅಕ್ಕಾ ಇರೋತನಕ ಇತ್ತು ಎಂದರು. ಪೊಸೆಷನ್ ಈಸ್ ನೈನ್ ಪಾಯಿಂಟ್ಸ್, ಅಂದರೆ ವಸ್ತು ಯಾರ ಕೈಯಲ್ಲಿದೆಯೋ ಒಂಬತ್ತು ಪಾಲು ಹಕ್ಕು ಅವರದೇ ಎಂದು ಕಾಲೇಜಿನಲ್ಲಿ ಓದಿದ್ದೆನು. ಎಷ್ಟರಲ್ಲಿ ಒಂಬತ್ತು ಎಂಬುದು ಮರೆತಿದೆ. ಆಮೇಲೆ ತಮ್ಮ ಠಾಣೆಯ ಸಿಬ್ಬಂದಿ ಬಂದು ನನ್ನಿಂದ ಕೀಲಿ ಕೊಡಿಸಿದರು.

ದಿನಾಂಕ 19-11-2024ರಂದು ಕೃಷಿ ಕಚೇರಿಗೆ ಹೋಗಿ ವಿಚಾರಿಸಿದೆನು. ಅಲ್ಲಿದ್ದವರು ಕುಂತ್ರಿ ಎಂದು ಕುರ್ಚಿ ಕೊಟ್ಟರು. ಮಶೀನು ಫಲಾನುಭವಿಯ ಹತ್ತಿರವೇ ಇರಬೇಕು, ಬೇರೆಯವರ ಹತ್ತಿರ ಇದೆಯೆಂದು ನೀವು ಬರೆದುಕೊಟ್ಟರೆ ಸಹಾಯಧನ ವಾಪಸ್ ವಸೂಲಿ ಆಗುತ್ತದೆ ಎಂದರು. ಯಾರಿಂದ್ರಿ ಎಂದು ಕೇಳಿದೆನು. ಫಲಾನುಭವಿಯಿಂದ, ಅವರು ಇಲ್ಲಾಂದ್ರ ವಾರಸುದಾರರಿಂದ, ಅಂದ್ರ ನಿಮ್ಮಿಂದರಿ, ಸುಮ್ನಿರ್ರಿ ಯಜಮಾನ್ರ ಎಂದರು.

ಆದ್ದರಿಂದ ಚನ್ನೇಶರ ಮೇಲೆ ನನ್ನದು ಯಾವುದೇ ಫಿರ್ಯಾದಿ ಇರುವುದಿಲ್ಲ. ಉಳಿದರ್ಧ ತೆನೆ ಕಣದಲ್ಲಿಯೇ ಇದೆ. ಬೇರೆ ಮಶೀನಿನವರು ಯಾರೂ ಬರಲು ಒಪ್ಪುತ್ತಿಲ್ಲ, ಕೈಯಿಂದ ಬಿಡಿಸುತ್ತಿದ್ದೇನೆ. ಒಂದೇ ವಿನಂತಿ ಮಾಡಬೇಕೆಂದಿದ್ದೆನು, ಮಶೀನಿನ ಮೇಲಿನ ಅವಳ ಹೆಸರು ಅಳಿಸಬಾರದೆಂದು. ಇಂದು ಠಾಣೆಗೆ ಬರುವಾಗ ಆ ಮಶೀನು ಪೆಟ್ರೋಲ್ ಬಂಕಿನ ಹತ್ತಿರ ನಿಂತಿತ್ತು. ಹೆಸರಿದ್ದ ಕಡೆ ಹಸಿರು ಬಣ್ಣ ಬಳಿದಿದ್ದರು. ಹಸಿ ಇತ್ತು. ಮುಟ್ಟಿ ನೋಡಿದರೆ ಬಣ್ಣದ ಕೆಳಗಿನ ಅಕ್ಷರಗಳು ಬೆರಳಿಗೆ ತಿಳಿಯುತ್ತಿದ್ದವು, ಮ ಮತ್ತು ಹಾ ಸ್ಪಷ್ಟ ಇದ್ದವು.

ಮೇಲೆ ಹೇಳಿದ್ದು ನಾನು ಕಂಡು ಕೇಳಿದ್ದೇ ಇದ್ದು, ಓದಿಸಿ ಕೇಳಿದ್ದೇನೆ, ಸರಿ ಇರುತ್ತದೆ. ಸಹಿಯ ಪಕ್ಕದಲ್ಲಿ ಹಸಿರು ಕಲೆ ಬಿದ್ದಿದ್ದು ನನ್ನ ಬೆರಳಿನದು, ಮಾಫ್ ಮಾಡಬೇಕು.

ಸ್ಥಳ: ಹಿರೇಕೆರೂರು
ದಿನಾಂಕ: 20-11-2024
ಸಹಿ: ಪಿ. ಎಸ್. ಬಣಕಾರ