ಅವರೆ ಹಿತುಕುವಾಗ ತೆಗೆದ ಫೋಟೋ

ಆ ಫೋನು ಇಳಿಸಿ ತಿಮ್ಮರಸಯ್ಯನವರೇ. ಇಳಿಸಿ ಅಂದೆ. ನಾನಿನ್ನೂ ಬಾಯಿ ತೆರೆದಿಲ್ಲ, ಆಗಲೇ ನನ್ನದು ಹತ್ತು ಫೋಟೋ ಆಯಿತು. ಈಗ ತಾನೇ ಮಂಗಳಾರತಿ ಆಯಿತಲ್ಲ, ಕೈಮುಗಿದವರು ಎಷ್ಟು ಜನ? ನಾನು ಇಲ್ಲಿಂದ ಎಣಿಸಿದೆ. ಒಂಬತ್ತು. ಉಳಿದವರ ಕೈಯೆಲ್ಲ ಫೋನು ಹಿಡಿಯೋದಕ್ಕೇ ಸಾಲದೆ ಹೋಯಿತು. ದೇವರು ಎದುರಿಗೇ ನಿಂತಿದ್ದಾನೆ, ನೀವು ಅವನನ್ನ ಅಂಗೈಯಗಲದ ಗಾಜಿನಲ್ಲಿ ನೋಡ್ತೀರಿ! ಸಿಟ್ಟು ಬರಲ್ವಾ? ಬರುತ್ತೆ. ಇವತ್ತು ಸಿಟ್ಟಿನಲ್ಲೇ ಕಥೆ ಹೇಳ್ತೀನಿ, ಕೇಳಿ.

ಒಂದು ಪೇಟೆಬೀದಿ. ಬೀದಿಗೆಲ್ಲ ದೊಡ್ಡ ಮನೆ ಒಬ್ಬ ಸಾಹುಕಾರನದು. ಹೆಸರು ಬೇಡ. ಹೇಳಿದರೆ ನೀವು "ಓ, ಅವನಾ!" ಅಂತ ನಿರಾಳವಾಗಿ ಕೂತುಬಿಡ್ತೀರಿ. ಅವನ ಹತ್ತಿರ ಏನಿಲ್ಲ ಹೇಳಿ? ಕ್ಯಾಮೆರಾನೇ ನಾಲ್ಕಿತ್ತು. ತಿಂಡಿ ಬಂದರೆ ಫೋಟೋ, ನೆಂಟರು ಬಂದರೆ ಫೋಟೋ, ಬೆಟ್ಟಕ್ಕೆ ಹೋದರೆ ಹತ್ತೋಕೆ ಮುಂಚೆ ಫೋಟೋ, ಇಳಿದ ಮೇಲೆ ಫೋಟೋ. ತೆಗೆದದ್ದನ್ನ ಒಂದು ಸಲವಾದರೂ ಕೂತು ನೋಡಿದನಾ? ಎಲ್ಲಿಯ ಮಾತು! ಬೆಟ್ಟವನ್ನೂ ನೋಡಲಿಲ್ಲ, ಬೆಟ್ಟದ ಫೋಟೋವನ್ನೂ ನೋಡಲಿಲ್ಲ.

ಅವನ ಎದುರುಮನೆಯಲ್ಲಿ ಒಬ್ಬ ದರ್ಜಿ. ಆರು ದಿನ ಮಿಷನ್ನು ತುಳಿಯೋದು, ಭಾನುವಾರ ಬಂತೆಂದರೆ ಎಂಥದೋ ಹಳೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಡೋದು. ಎಲ್ಲಿಗೆ? ಬೀದಿ ಕೊನೆಯ ನಲ್ಲಿಯವರೆಗೆ! ಅಲ್ಲಿಗೆ ನೀರು ಕುಡಿಯೋಕೆ ಒಂದು ಕಾಗೆ ಬರ್ತಿತ್ತು. ಅದರ ಮುಂದೆ ಈ ಪುಣ್ಯಾತ್ಮ ಕುಕ್ಕರುಗಾಲಲ್ಲಿ ಒಂದು ಗಂಟೆ.

ಸಾಹುಕಾರನಿಗೆ ಇದನ್ನ ಕಂಡರೆ ಮೈಯೆಲ್ಲ ಉರಿ.

"ಏನಯ್ಯಾ, ಈ ಕಾಗೆ ಫೋಟೋ ಯಾರಾದರೂ ಕೊಳ್ತಾರಾ?"

"ಇಲ್ಲ ಸ್ವಾಮಿ."

"ಪೇಪರಿನಲ್ಲಿ ಹಾಕ್ತಾರಾ?"

"ಇಲ್ಲ ಸ್ವಾಮಿ."

"ಮತ್ಯಾಕಯ್ಯಾ ತೆಗೀತೀಯ?"

ದರ್ಜಿ ತಲೆ ಕೆರೆದುಕೊಂಡ. "ಖುಷಿ ಆಗುತ್ತೆ ಸ್ವಾಮಿ."

ನೋಡಿ, ಈ ಉತ್ತರ ಸಾಹುಕಾರನಿಗೆ ಹಿಡಿಸಲಿಲ್ಲ. ನಿಮಗೂ ಹಿಡಿಸಲ್ಲ, ನನಗೆ ಗೊತ್ತು.

ಹೀಗಿರುವಾಗ ಸಾಹುಕಾರನ ತಾಯಿಗೆ ಎಂಬತ್ತೊಂದು ತುಂಬುತ್ತ ಬಂತು. ಸಾವಿರ ಹುಣ್ಣಿಮೆ ಕಂಡ ಜೀವ. ಸಹಸ್ರ ಚಂದ್ರದರ್ಶನ ಶಾಂತಿ ಮಾಡಿಸಬೇಕು, ಊರಿಗೆಲ್ಲ ಆಹ್ವಾನಪತ್ರಿಕೆ ಹಂಚಬೇಕು, ಪತ್ರಿಕೆಯ ಮೇಲೆ ಅಮ್ಮನ ನಗುಮುಖ ಅಚ್ಚಾಗಬೇಕು. ಪ್ರೆಸ್ಸಿನವನು ಸೋಮವಾರ ಬೆಳಗ್ಗೆ ಫೋಟೋ ಕೊಟ್ಟುಬಿಡಿ ಅಂದ. ಅದೇನು ಮಹಾ ಅಂತ ಸಾಹುಕಾರ ಹುಡುಕೋಕೆ ಕೂತ.

ಒಂದರಲ್ಲಿ ಸೌಟು ಹಿಡಿದ ಕೈ ಇದೆ, ಅಮ್ಮ ಇಲ್ಲ. ಇನ್ನೊಂದರಲ್ಲಿ ಬೆನ್ನು. ಮಗಳ ಮದುವೆಯದರಲ್ಲಿ ಬೀಗರ ಪೇಟದ ಹಿಂದೆ ಬಿಳಿಯ ತುರುಬು ಮಾತ್ರ. ಸಾವಿರಾರು ಫೋಟೋ ತಿರುವಿ ಹಾಕಿದ. ಪಾಯಸದ ಬಟ್ಟಲು ಇಪ್ಪತ್ತು ಕೋನದಿಂದ ಇದೆ. ಅಮ್ಮನ ಮುಖ ಇಲ್ಲ. ಒಂದೂ ಇಲ್ಲ.

ಆಮೇಲಾದರೂ ಬುದ್ಧಿ ಬಂತಾ? ಬರಲಿಲ್ಲ. ಅಮ್ಮನಿಗೆ ರೇಷ್ಮೆ ಸೀರೆ ಉಡಿಸಿ, ಕುರ್ಚಿಯ ಮೇಲೆ ಕೂರಿಸಿ, "ನಗಮ್ಮ" ಅಂತ ಶುರುಮಾಡಿದ. ಆಯಮ್ಮ ಪೊಲೀಸ್ ಸ್ಟೇಷನ್ನಿನಲ್ಲಿ ಕೂತವರ ಹಾಗೆ ತುಟಿ ಬಿಗಿದು ಕೂತರು. ನಲವತ್ತು ಫೋಟೋ, ನಲವತ್ತರಲ್ಲೂ ಅದೇ ಬಿಗಿದ ತುಟಿ.

"ಪುಟ್ಟ," ಅಂದರು ಕೊನೆಗೆ, "ನನ್ನ ಎದುರಿಗೆ ಬರೋದೇ ನೀನು ಆ ಡಬ್ಬಿ ಮುಖಕ್ಕೆ ಅಡ್ಡ ಹಿಡ್ಕೊಂಡು. ನಾನು ಯಾರನ್ನ ನೋಡಿ ನಗಲೋ?"

ಎಂಥ ಮಾತು! ಬೇರೆಯವರಾಗಿದ್ದರೆ ಕ್ಯಾಮೆರಾ ಕೆಳಗಿಟ್ಟು ಕಾಲಿಗೆ ಬೀಳ್ತಿದ್ದರು. ಇವನು ಏನಂದ ಗೊತ್ತಾ? "ತಲೆ ತಿನ್ನಬೇಡಮ್ಮ, ನಗು" ಅಂದ.

ಭಾನುವಾರ ಬಂತು. ಬೇರೆ ದಾರಿ ಕಾಣದೆ ದರ್ಜಿಯ ಮನೆಗೇ ಹೋದ. "ಬೇಗ ಬಾರಯ್ಯಾ, ಐದು ನಿಮಿಷದ ಕೆಲಸ."

ದರ್ಜಿ ಬರುವ ಹೊತ್ತಿಗೆ ಅಮ್ಮ ರೇಷ್ಮೆ ಬಿಚ್ಚಿಟ್ಟು, ನೂಲಿನ ಸೀರೆ ಉಟ್ಟು, ಹಿತ್ತಲ ಜಗಲಿಯಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತ ಕೂತಿದ್ದರು. ಅವನೂ ಪಕ್ಕದಲ್ಲಿ ಕೂತ. ಕ್ಯಾಮೆರಾ ತೊಡೆಯ ಮೇಲೆ, ಕೈ ಪಾತ್ರೆಯೊಳಗೆ. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಸಾಹುಕಾರ ಆ ತುದಿಯಿಂದ ಈ ತುದಿಗೆ ಓಡಾಡಿದ್ದೇ ಓಡಾಡಿದ್ದು.

"ತೆಗೀಯಯ್ಯಾ ಮಾರಾಯ!"

"ಬರಲಿ ಸ್ವಾಮಿ."

"ಏನು ಬರಬೇಕು? ಯಾರು ಬರಬೇಕು?"

"ನೀವೇ ಬರಬೇಕು. ನೀವು ಹಂಗೆ ಓಡಾಡ್ತಿದ್ರೆ ಅಮ್ಮಾವ್ರ ಕಣ್ಣು ನಿಮ್ಮ ಕಾಲಿನ ಹಿಂದೇ ಹೋಗುತ್ತೆ. ಕೂತ್ಕೊಂಡು ನಾಲ್ಕು ಕಾಳು ಹಿತುಕಿ."

ಹಲ್ಲು ಕಡಿದುಕೊಂಡು ಕೂತ. ಎಷ್ಟು ವರ್ಷವಾಗಿತ್ತೋ ಆ ಜಗಲಿಯಲ್ಲಿ ಕೂತು! "ಹೆಬ್ಬೆರಳಲ್ಲಿ ಒತ್ತೋ, ಅಷ್ಟು ಜೋರಾಗಿ ಅಲ್ಲ" ಅಂದರು ಅಮ್ಮ. ಅವನು ಒತ್ತಿದ. ಬೇಳೆ ಪುಳಕ್ಕನೆ ಹಾರಿ ದರ್ಜಿಯ ಬೋಳುತಲೆಗೆ ಬಡಿಯಿತು.

ಅಮ್ಮ ನಕ್ಕರು. ಸೆರಗು ಬಾಯಿಗೆ ಹೋಗುವ ಮುಂಚೆ ನಗು ಹೊರಗೆ ಬಂದಾಗಿತ್ತು. ಕಣ್ಣು ಮುಚ್ಚಿಹೋದವು, ಮೈ ಕುಲುಕಿತು, ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಸಾಹುಕಾರ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದ. ತನ್ನ ಮಗಳಿಗೂ ಅಲ್ಲೇ ಗುಳಿ. ಅದು ಹೆಂಡತಿಯ ಕಡೆಯಿಂದ ಬಂದದ್ದು ಅಂತ ಇಪ್ಪತ್ತೈದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದ! ಕೇಳಿದಿರಾ? ಒಂದೇ ಮನೆ, ಒಂದೇ ಒಲೆ. ಹೆತ್ತ ತಾಯಿಯ ಕೆನ್ನೆಯ ಗುಳಿ ಗೊತ್ತಿಲ್ಲ. ಅವನಿಗೆ ನಾಚಿಕೆಯಾಯಿತು, ಅಳು ಬಂತು. ಅಮ್ಮ ನಗುತ್ತಲೇ ಕಣ್ಣು ಬಿಟ್ಟರು. ಆಗ ಪಕ್ಕದಲ್ಲಿ ಕ್ಲಿಕ್ ಅಂತ ಒಂದು ಸದ್ದು.

"ಒಂದೇನಾ?" ಅಂದ ಆಮೇಲೆ.

"ಒಂದೇ ಸ್ವಾಮಿ."

"ಒಂದಕ್ಕೆ ಇಷ್ಟು ಹೊತ್ತು ಕೂತ್ಯಾ?"

"ಕೂರೋದೇ ಖುಷಿ ಸ್ವಾಮಿ. ಅಂಗಡಿಯಲ್ಲಿ ನನಗೆ ಜನ ಅಂದ್ರೆ ಎದೆ ಸುತ್ತಳತೆ, ತೋಳಿನುದ್ದ, ಅಷ್ಟೇ. ಬೀದಿಯಲ್ಲಿ ನಿಂತು ಸುಮ್ನೆ ಮುಖ ನೋಡಿದ್ರೆ ಹುಚ್ಚ ಅಂತಾರೆ. ಕೊರಳಲ್ಲಿ ಇದೊಂದಿದ್ರೆ, ಫೋಟೋ ತೆಗೀತಾನೆ ಬಿಡು ಅಂತಾರೆ. ಕಣ್ತುಂಬ ನೋಡೋಕೆ ಇದು ನನಗೊಂದು ನೆಪ. ಆ ನಲ್ಲಿ ಹತ್ತಿರದ ಕಾಗೆಗೆ ಒಂದು ಕಾಲು ಕುಂಟು. ನೀವೂ ದಿನಾ ಅಲ್ಲೇ ಓಡಾಡ್ತೀರಿ, ಕಂಡಿದ್ರಾ?"

ಕಂಡಿರಲಿಲ್ಲ.

ಪತ್ರಿಕೆ ಅಚ್ಚಾಯಿತು. ನೆಂಟರು ಸುಮ್ಮನಿರ್ತಾರಾ? "ಇದೇನು, ಇಷ್ಟು ದೊಡ್ಡ ಮನುಷ್ಯ, ಹಳೇ ಸೀರೆಯ ಫೋಟೋ ಹಾಕಿಸಿದ್ದೀಯ! ಕ್ಯಾಮೆರಾ ಕಡೆಗೂ ನೋಡ್ತಿಲ್ಲ, ಎಲ್ಲೋ ಪಕ್ಕಕ್ಕೆ ನೋಡ್ತಿದ್ದಾರೆ. ಯಾರನ್ನ ನೋಡ್ತಿದ್ದಾರೆ ಅಮ್ಮ?"

"ನನ್ನನ್ನ" ಅಂದ ಸಾಹುಕಾರ.

ಕಥೆ ಮುಗಿಯಿತು. ಚಪ್ಪಾಳೆ ಬೇಡ. ಪಕ್ಕದವರ ಕಡೆ ನೋಡಿ ತಲೆಯಾಡಿಸೋದೂ ಬೇಡ. ನಾನು ಹೇಳಿದ್ದು ನಿಮಗೇ. ಫೋನು ಬಾವಿಗೆ ಹಾಕಿ ಅಂದೆನಾ? ಇಲ್ಲವಲ್ಲ. ತೆಗೀರಿ, ಬೇಕಾದಷ್ಟು ತೆಗೀರಿ. ಆದರೆ ಮೊದಲು ಕೂತುಕೊಳ್ಳಿ, ನೋಡಿ, ಆಮೇಲೆ ತೆಗೀರಿ. ನಾಳೆ ಬೆಳಗ್ಗೆ ಕಾಫಿ ಲೋಟ ಮುಂದೆ ಬರುತ್ತಲ್ಲ, ಆಗ ಲೋಟದಿಂದ ಸ್ವಲ್ಪ ಮೇಲಕ್ಕೆ ಕಣ್ಣೆತ್ತಿ. ಅಲ್ಲಿ ಒಂದು ಮುಖ ಇದೆ. ಅದು ನಿದ್ದೆಗೆಟ್ಟಿದೆಯಾ, ನಗ್ತಿದೆಯಾ, ಏನೋ ಹೇಳೋಕೆ ಬಂದು ಹೇಳದೆ ಹೋಗ್ತಿದೆಯಾ, ನೋಡಿ. ಇದಕ್ಕೆ ಉಪವಾಸ ಬೇಕಾ? ಯಾತ್ರೆ ಬೇಕಾ? ಕಣ್ಣೆತ್ತಿದರೆ ಸಾಕು, ಅದನ್ನೂ ಮಾಡಲ್ಲ ನೀವು!

ತಿಮ್ಮರಸಯ್ಯನವರೇ, ಮತ್ತೆ ಎತ್ತಿದಿರಾ? ಆಗಲಿ, ನಿಮ್ಮನ್ನೇ ಕೇಳ್ತೀನಿ. ನಿಮ್ಮ ಮನೆಯವರು ಪಕ್ಕದಲ್ಲೇ ಕೂತಿದ್ದಾರೆ. ತಿರುಗಿ ನೋಡದೆ ಹೇಳಿ, ಅವರು ಇವತ್ತು ಉಟ್ಟಿರುವ ಸೀರೆ ಯಾವ ಬಣ್ಣ?

ಹೇಳಿ. ಕಾಯ್ತೀನಿ.

ಗೊತ್ತಿಲ್ಲ, ಅಲ್ವಾ? ಹಾಗಾದರೆ ಫೋನು ಕೆಳಗಿಡಿ. ಈಗ ತಿರುಗಿ ನೋಡಿ.